ಕಂದೀಲು ಹಿಡಿದವನು

ಧರಣೇಂದ್ರನ ತಲೆಯ ಮೇಲಿದ್ದ ಟೊಪ್ಪಿಗೆ ಸಣ್ಣಗೆ ಗುಂಯ್‌ಗುಡತೊಡಗಿತು. ಎದುರಿನ ಪರದೆ ಮೊದಲು ಕಪ್ಪಾಯಿತು. ಆಮೇಲೆ ಆ ಕಪ್ಪಿನ ನಡುವೆ ಊಟದ ತಟ್ಟೆಯಷ್ಟು ಅಗಲದ ಬೆಳಕೊಂದು ಮೂಡಿತು. ಬೆಳಕಿನೊಳಗೆ ಗೇಣುದ್ದದ ಒಬ್ಬ ಮನುಷ್ಯ. ಅವನ ಕೈಯಲ್ಲಿ ಕಂದೀಲು. ಧರಣೇಂದ್ರನ ಬೆರಳುಗಳು ಹಿಡಿದಿದ್ದ ಪ್ಲಾಸ್ಟಿಕ್ ಗುಂಡಿಪೆಟ್ಟಿಗೆಯ ಮೇಲೆ ಕುಣಿದಂತೆಲ್ಲ ಆ ಮನುಷ್ಯ ಹಾರಿದ, ಬಗ್ಗಿದ, ಮೆಟ್ಟಿಲು ಇಳಿದ. ಆ ದಿನ ಬೆಳಿಗ್ಗೆ ಚಹದ ಕಪ್ಪು ಹಿಡಿಯಲು ನಡುಗಿದ್ದ ಬೆರಳುಗಳವು. ಈಗ ನಡುಗಲಿಲ್ಲ.

ಗೋಡೆಗೆ ಒತ್ತಿ ಹಾಕಿದ್ದ ಕುರ್ಚಿಯಲ್ಲಿ ಕುಳಿತಿದ್ದ ತಮ್ಮ ಜಿನದತ್ತ, ಅವು ನಡುಗದೇ ಇದ್ದದ್ದನ್ನು ಗಮನಿಸಿದ. ಪಕ್ಕೆಲುಬಿನ ಕೆಳಗೆ ಹಳೆಯ ಪರಿಚಯದ ಬಿಸಿಯೊಂದು ಎದ್ದಿತು. ಅರವತ್ತು ದಾಟಿದ ಮೇಲೆ ಮನುಷ್ಯನಲ್ಲಿ ಎಷ್ಟೋ ಸಂಗತಿಗಳು ತಣ್ಣಗಾಗುತ್ತವೆ. ಇದು ಆಗಿರಲಿಲ್ಲ.

ಅವರು ಕುಳಿತಿದ್ದದ್ದು ಹುಬ್ಬಳ್ಳಿಯ ಉಣಕಲ್ ಕೆರೆಯ ಬದಿಗೆ ಹೊಸದಾಗಿ ಕಟ್ಟಿದ ಆಟ ಪುನರುಜ್ಜೀವನ ಕೇಂದ್ರದಲ್ಲಿ. ಆ ಹೊತ್ತಿಗೆ ಜನ ಟೀವಿಯ ಮುಂದೆ ಕುಳಿತು ಆಡುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಆಟಗಳೆಲ್ಲ ನರಪಟ್ಟಿಗೆ ಬಂದಿದ್ದವು. ಹಣೆಗೆ ಪಟ್ಟಿ ಕಟ್ಟಿಕೊಂಡರೆ ಕಣ್ಣು, ಕಿವಿ, ಬೆರಳು ಯಾವುದರ ಹಂಗೂ ಇಲ್ಲದೆ ಆಟ ನೇರ ಮಿದುಳಿನೊಳಗೇ ನಡೆಯುತ್ತಿತ್ತು. ಹಳೆಯ ಆಟಗಳಲ್ಲಿ ಕಂಪ್ಯೂಟರಿನ ಮೂಲಬರಹ ಉಳಿದಿದ್ದವನ್ನು ಈ ಪಟ್ಟಿಗೆ ಹೊಂದಿಸುವುದು ಕಷ್ಟವಾಗಿರಲಿಲ್ಲ. ಆದರೆ ಕೆಲವು ಆಟಗಳನ್ನು ಮಾಡಿದ ಕಂಪನಿಗಳು ಮುಚ್ಚಿಹೋಗಿದ್ದವು, ಕ್ಯಾಸೆಟ್ಟುಗಳೊಳಗಿನ ಚಿಪ್‌ಗಳು ಸತ್ತುಹೋಗಿದ್ದವು. ಅಂಥ ಆಟಗಳು ಉಳಿದಿದ್ದದ್ದು ಒಂದೇ ಕಡೆ: ಚಿಕ್ಕವರಿದ್ದಾಗ ಅವನ್ನು ಆಡಿದವರ ತಲೆಯಲ್ಲಿ. ಅಲ್ಲಿಂದ ಅವನ್ನು ಎತ್ತಿಕೊಳ್ಳಲೆಂದೇ ಡಾಕ್ಟರ್ ಫರ್ಹಾನಾ ನದಾಫ್ ಎಂಬ ವಿಜ್ಞಾನಿ ಸ್ಮೃತಿಲೇಖಿಯನ್ನು ಕಟ್ಟಿದ್ದರು. ಟೊಪ್ಪಿಗೆ ಹಾಕಿಕೊಂಡವನು ಆಟವನ್ನು ನೆನೆಯುತ್ತ ಹೋದರೆ, ಯಂತ್ರ ಆ ನೆನಪಿನ ಗೆರೆಗಳನ್ನು ಓದಿ ಆಟವನ್ನು ಮತ್ತೆ ಬರೆಯುತ್ತಿತ್ತು.

ಆ ಬೇಸಿಗೆಯಲ್ಲಿ ಅವರು ಹುಡುಕುತ್ತಿದ್ದದ್ದು ನೀರು ತುಂಬಿದ ಒಂದು ಕೋಟೆಯೊಳಗೆ ಕಂದೀಲು ಹಿಡಿದು ಇಳಿಯುವ ಆಟ. ಅದರ ನಿಜವಾದ ಹೆಸರು ಹಳೆ ಹುಬ್ಬಳ್ಳಿಯ ಓಣಿಯ ಹುಡುಗರಿಗೆ ಓದಲು ಬಂದಿರಲಿಲ್ಲ. ಅವರು ಅದನ್ನು ‘ಕಂದೀಲು’ ಎಂದೇ ಕರೆದರು. ಕಂದೀಲನ್ನು ಕೊನೆಯ ನೆಲಮಾಳಿಗೆಯವರೆಗೆ ಆಡಿದವನು ಇಡೀ ಊರಿನಲ್ಲಿ ಧರಣೇಂದ್ರನೊಬ್ಬನೇ.

ಯಂತ್ರ ನಿಂತಿತು. ಧರಣೇಂದ್ರ ಟೊಪ್ಪಿಗೆ ತೆಗೆದು ಪರದೆಯನ್ನು ನೋಡಿದ.

“ಇಷ್ಟ ಏನ್ರೀ? ಕೋಟೆ ಎಲ್ಲಿ?”

“ನಿಮ್ಮ ತಲಿಯೊಳಗ ಇಷ್ಟ ಐತ್ರಿ ಸರ್,” ಎಂದರು ನದಾಫ್. “ಕಂದೀಲಿನ ಬೆಳಕು ಬಿದ್ದಷ್ಟು. ಉಳಿದದ್ದನ್ನ ನೀವು ನೋಡೇ ಇಲ್ಲ.”

“ನೋಡಾಕ ಪುರುಸೊತ್ತು ಎಲ್ಲಿತ್ರೀ? ಈ ಕಡೆ ಹಾವು, ಆ ಕಡೆ ನೀರು. ಆಕಾಶ ನೋಡಕೋತ ನಿಂತಿದ್ದರ ಮೊದಲನೇ ಮಾಳಿಗ್ಯಾಗ ಸಾಯತಿದ್ದೆ.”

“ಅದಕ್ಕ ನೀವು ಗೆದ್ರಿ. ಗೆಲ್ಲೋರ ನೆನಪು ಬೆರಳಿನಾಗ ಇರತೈತಿ. ಅದರಿಂದ ಕೋಟೆ ಕಟ್ಟಾಕ ಬರಂಗಿಲ್ಲ.” ಅವರು ಗೋಡೆಯ ಕಡೆ ತಿರುಗಿದರು. “ನೀವೂ ಆಡತಿದ್ರಿ ಏನ್ರೀ?”

ಜಿನದತ್ತ ಬಾಯಿ ತೆರೆಯುವ ಮೊದಲೇ ಧರಣೇಂದ್ರ ನಕ್ಕುಬಿಟ್ಟ.

“ಅವಾ? ಅವ ಕಂದೀಲು ಹಿಡೀತಿದ್ದ! ಹೇಳೋ ಜಿನ್ಯಾ, ಡಾಕ್ಟರಿಗೆ ಹೇಳು.”

ಧರಣೇಂದ್ರನೇ ಹೇಳಿದ, ಮದುವೆ ಮನೆಗಳಲ್ಲಿ ಹೇಳುತ್ತ ಬಂದಷ್ಟೇ ಉಮೇದಿನಿಂದ. ಅದು ಒಬ್ಬರೇ ಆಡುವ ಆಟ. ತಮ್ಮನೋ ತನಗೂ ಬೇಕೆಂದು ಅತ್ತು ಕರೆಯುತ್ತಿದ್ದ. ಅದಕ್ಕೆ ಎರಡನೆಯ ರಿಮೋಟನ್ನು ಅವನ ಕೈಗೆ ಕೊಟ್ಟು, ಅದರ ವೈರಿನ ತುದಿಯನ್ನು ಚಾಪೆಯ ಕೆಳಗೆ ತೂರಿಸಿ, “ನಾ ಮನುಷ್ಯಾನ್ನ ಓಡಸ್ತೀನಿ, ನೀ ಕಂದೀಲು ಹಿಡಿ. ನೀ ಬಿಟ್ಟರ ಕತ್ತಲಾಗತೈತಿ ನೋಡು,” ಎಂದಿದ್ದ. ಪಾಪ, ಅವನು ಹೆಬ್ಬೆರಳು ಬೆಳ್ಳಗಾಗುವ ಹಾಗೆ ಗುಂಡಿ ಒತ್ತಿ ಹಿಡಿಯುತ್ತಿದ್ದ.

ಧರಣೇಂದ್ರನಿಗೆ ಗೊತ್ತಿಲ್ಲದ ಸಂಗತಿ ಬೇರೆ ಇತ್ತು. ಒಂದು ದಿನ ಅವ್ವ ಕಸ ಗುಡಿಸಲು ಚಾಪೆ ಎತ್ತಿದಾಗ ಜಿನದತ್ತ ವೈರಿನ ತುದಿಯನ್ನು ಕಂಡಿದ್ದ. ಎಲ್ಲಿಗೂ ಸೇರದೆ ಬಿದ್ದಿದ್ದ ತುದಿ. ಅವನು ಅಳಲಿಲ್ಲ, ಜಗಳ ತೆಗೆಯಲಿಲ್ಲ. ಚಾಪೆಯನ್ನು ತಾನೇ ಮತ್ತೆ ಹಾಸಿದ. ಯಾಕೆಂದರೆ ಸಂಜೆಯಾದರೆ ಓಣಿಯ ಹುಡುಗರೆಲ್ಲ ಬಾಗಿಲಲ್ಲಿ, ಕಿಟಕಿಯಲ್ಲಿ ಜೋತುಬೀಳುತ್ತಿದ್ದರು. ಅಣ್ಣನ ಬಲಗಡೆ ಅಂಟಿಕೊಂಡು ಕೂಡುವ ಜಾಗ ಕಂದೀಲು ಹಿಡಿದವನಿಗೆ ಮಾತ್ರ ಇತ್ತು. ಹಿಡಿದಿಲ್ಲವೆಂದು ಬಾಯಿಬಿಟ್ಟರೆ ಆ ಜಾಗವೂ ಹೋಗುತ್ತಿತ್ತು. ಬೆಳೆದ ಮೇಲೆ ಜಿನದತ್ತ ಕಾಲೇಜಿನಲ್ಲಿ ಗಣಿತದ ಅಧ್ಯಾಪಕನಾದ, ವಿದ್ಯಾನಗರದಲ್ಲಿ ಮನೆ ಕಟ್ಟಿದ. ಅಣ್ಣ ಮಾತ್ರ ಪೇಂಟಿನ ಅಂಗಡಿ ಇಟ್ಟು, ಅದನ್ನೂ ಮುಚ್ಚಿ ಮನೆಯಲ್ಲಿ ಕುಳಿತ. ಆದರೂ ಹಳೆಯ ಓಣಿಯವರು ಸಿಕ್ಕರೆ “ಯಾರು, ಧರಣ್ಯಾನ ತಮ್ಮನಾ?” ಎಂದೇ ಕೇಳುತ್ತಿದ್ದರು. ಜಿನದತ್ತ ಹೌದೆಂದು ತಲೆಯಾಡಿಸಿ ಮುಂದೆ ಹೋಗುತ್ತಿದ್ದ.

ಇವತ್ತೂ ಅಷ್ಟೇ. ಕೇಂದ್ರದವರು ಕರೆಸಿದ್ದು ಧರಣೇಂದ್ರನನ್ನು. ಮೊಣಕಾಲು ನೋವಿನ ಅಣ್ಣನಿಗೆ ಆಸರೆಯಾಗಿ ಜಿನದತ್ತ ಬಂದಿದ್ದ.

ನದಾಫ್ ನಗಲಿಲ್ಲ. ಏನನ್ನೋ ಲೆಕ್ಕ ಹಾಕುವವರಂತೆ ಜಿನದತ್ತನನ್ನೇ ನೋಡಿದರು. “ಹಂಗಾದರ ನಿಮ್ಮ ಕೈಗೆ ಕೆಲಸ ಇದ್ದಿದ್ದಿಲ್ಲ,” ಎಂದರು. “ಕಣ್ಣಿಗೆ ಇತ್ತು. ಒಂದು ಸಲ ಹಾಕ್ಕೊಂಡು ನೋಡ್ರಿ.”

ಜಿನದತ್ತ ಟೊಪ್ಪಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಕಷ್ಟಪಟ್ಟು ನೆನೆಯುವ ಅಗತ್ಯ ಬೀಳಲಿಲ್ಲ. ಅದು ಎಂದೂ ಅವನನ್ನು ಬಿಟ್ಟು ಹೋಗಿರಲಿಲ್ಲ.

ಮತ್ತೆ ಕಣ್ಣು ತೆರೆದಾಗ ಪರದೆಯ ಉದ್ದಗಲಕ್ಕೂ ಕೋಟೆ ನಿಂತಿತ್ತು. ಬುರುಜಿನ ಮೇಲೆ ಮೂರು ಬಗೆಯ ನೇರಳೆಯಲ್ಲಿ ಇಳಿಯುವ ಸಂಜೆ. ಕಣ್ಣು ಹಾಯಿಸಿದಲ್ಲೆಲ್ಲ ನೀರಿನ ಮೇಲೆ ಒಡೆಯುವ ಕಂದೀಲಿನ ಬಿಂಬ. ಯಾರೂ ಇಳಿಯದ ಎಡಗಡೆಯ ಬಾವಿಯಲ್ಲಿ ಸುಮ್ಮನೆ ಸುತ್ತುವ ಎರಡು ಮೀನು. ಟೀವಿ ಬಿಸಿಯಾದಾಗ ಹಾಡಿನ ನಡುವೆ ಬರುತ್ತಿದ್ದ ಸಣ್ಣ ಗೊರಗೊರ ಸದ್ದು ಸಹ ಇತ್ತು.

“ಯಾ ಅಲ್ಲಾ,” ಎಂದರು ನದಾಫ್ ಮೆಲ್ಲಗೆ.

ಧರಣೇಂದ್ರ ಎದ್ದು ಪರದೆಯ ಹತ್ತಿರ ಹೋದ. “ಈ ಮೀನು ಇದ್ದಿದ್ದಿಲ್ಲ,” ಎಂದ.

“ಇದ್ದವು ಅಣ್ಣಾ.”

“ನಾ ಆಡೀನಿ. ನನಗ ಗೊತ್ತಿಲ್ಲೇನು?”

“ಇದ್ದವು,” ಎಂದ ಜಿನದತ್ತ. ಅಣ್ಣನಿಗೆ ಎದುರಾಡುವುದು ಇಷ್ಟು ಸುಲಭವೆಂದು ಅವನಿಗೆ ಗೊತ್ತಿರಲಿಲ್ಲ.

ಅದಾದ ಮೇಲಿನ ತಿಂಗಳುಗಳು ಜಿನದತ್ತನ ಬಾಳಿನಲ್ಲೇ ಅತ್ಯಂತ ಸಿಹಿಯಾದವು. ಕೋಟೆಯ ಒಂದೊಂದೇ ಮಾಳಿಗೆಯನ್ನು ನೆನೆದು ಕೊಟ್ಟ. ಆಟದ ಮೊದಲಲ್ಲಿ ‘ಜಿನದತ್ತ ಉಪಾಧ್ಯೆಯವರ ನೆನಪಿನಿಂದ’ ಎಂದು ತೋರಿಸುವುದೆಂದು ತೀರ್ಮಾನವಾಯಿತು. ಧರಣೇಂದ್ರನ ಹೆಸರು ಕೊನೆಯ ಕೃತಜ್ಞತೆಗಳಲ್ಲಿ ಎಲ್ಲೋ ಬರಲಿತ್ತು. ಈ ಸುದ್ದಿಯನ್ನು ತಾನೇ ಮುಟ್ಟಿಸಬೇಕೆಂದು ಜಿನದತ್ತ ಒಂದು ರವಿವಾರ ಅಣ್ಣನ ಮನೆಗೆ ಊಟಕ್ಕೆ ಹೋದ.

ಧರಣೇಂದ್ರ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡ.

“ನನ್ನ ಕೇಳಿದರ, ಹಳೇ ಆಟ ಹೊಸಾ ಪಟ್ಟಿಗೆ ತರೋದ ತಪ್ಪು,” ಎಂದ. “ನಾವು ಆಡಿದ್ದು ಅದು. ನಮ್ಮ ಜೋಡಿ ಹೋಗಲಿ. ಈಗಿನ ಮಂದಿಗೆ ಆ ಟೀವಿ ಐತೇನು? ಆ ಚಾಪಿ ಐತೇನು? ಕರೆಂಟ್ ಹೋದರ ಓಣಿ ತುಂಬ ಬೈಗಳ ಬೀಳತಿದ್ದವು, ಅವು ಅದಾವೇನು? ಅದೇನೂ ಇಲ್ಲದ ಬರೇ ಆಟ ಕೊಟ್ಟರ ಅದು ಹೆಣಕ್ಕ ಅಂಗಿ ತೊಡಿಸಿದಂಗ.”

“ಹಂಗಂದರ ಆಡದೇ ಇದ್ದವರು ಎಂದೂ ಆಡಬಾರದು?”

“ಯಾಕ ಆಡಬೇಕು? ಅವರಿಗೆ ಅವರ ಆಟ ಇಲ್ಲೇನು?”

“ಟೊಪ್ಪಿಗಿ ಹಾಕ್ಕೊಳ್ಳಾಕ ಮೊದಲು ನೀನ ಹೋಗಿದ್ದಿ, ಅಣ್ಣಾ.”

ಅಣ್ಣನ ಹೆಂಡತಿ ಚಂದನಾ ಇಬ್ಬರ ಮುಖವನ್ನೂ ನೋಡಿ, “ಇನ್ನಷ್ಟು ಝುಣಕ ಹಾಕಲೇನ್ರಿ?” ಎಂದಳು. ಅಣ್ಣನ ದವಡೆ ಬಿಗಿಯಾಗಿತ್ತು. ಆ ಬಿಗಿತವನ್ನು ಜಿನದತ್ತ ಚೆನ್ನಾಗಿ ಬಲ್ಲ, ಒಳಗಿನಿಂದ ಬಲ್ಲ. ಅದನ್ನು ಹೊರಗಿನಿಂದ, ಇನ್ನೊಬ್ಬರ ಮುಖದ ಮೇಲೆ ನೋಡುವುದು ಅವನಿಗೆ ಇದೇ ಮೊದಲು. “ಹಾಕ್ರಿ ವೈನಿ,” ಎಂದ. ಎಂದಿಗಿಂತ ಒಂದು ರೊಟ್ಟಿ ಹೆಚ್ಚು ತಿಂದ.

ಆಟವನ್ನು ಜನರಿಗೆ ಬಿಡುವ ಮೊದಲು ಕೇಂದ್ರದವರು ಕೆಲವರಿಗೆ ಪಟ್ಟಿ ಕಟ್ಟಿ ಅದನ್ನು ಪರೀಕ್ಷಿಸಿದರು. ಆ ಪರೀಕ್ಷೆ ಮುಗಿದ ವಾರ ನದಾಫ್ ತಾವಾಗಿಯೇ ಜಿನದತ್ತನ ಮನೆಗೆ ಬಂದರು. ಚಹ ಮುಟ್ಟದೆ ಕುಳಿತರು.

“ಆಟ ಚಲೋ ಐತ್ರಿ,” ಎಂದರು. “ಆದರ ಆಡಿದವರು ಸಿಟ್ಟಿಗೇಳಾಕತ್ತಾರ.”

“ಯಾಕ? ಕಷ್ಟ ಆತೇನು?”

“ಗೆದ್ದವರೂ ಸಿಟ್ಟಿಗೇಳಾಕತ್ತಾರ. ಎಲ್ಲಾರೂ ಒಂದ ಮಾತು ಹೇಳತಾರ್ರಿ. ‘ನನ್ನ ಎಡಕ್ಕ ಯಾರೋ ಕುಂತಾರ. ಆಡೋರು ಅವರು, ನಾ ಅಲ್ಲ.’ ತಿರುಗಿ ನೋಡಿದರ ಒಬ್ಬ ಹುಡುಗ ಕಾಣತಾನಂತ. ಅವನ್ನ ನೋಡಿದ ಕೂಡಲೇ ಇಲ್ಲಿ ಉರೀತೈತಂತ.” ಅವರು ತಮ್ಮ ಪಕ್ಕೆಲುಬಿನ ಕೆಳಗೆ ಕೈ ಇಟ್ಟುಕೊಂಡರು. “ಒಬ್ಬಾಕಿ ಪಟ್ಟಿ ಬಿಚ್ಚಿದಾಕಿನ ತನ್ನ ಅಕ್ಕಗ ಫೋನ್ ಹಚ್ಚಿ, ಅಕಿ ಮದುವಿ ಸೀರಿ ಸಂಬಂಧ ಜಗಳ ಮಾಡಿದಳು. ಆ ಮದುವಿ ಆಗಿ ಎಷ್ಟೋ ವರ್ಷ ಆಗಿತ್ರಿ.”

ಜಿನದತ್ತನ ಕಿವಿ ಬಿಸಿಯಾದವು. ಅವನು ಕಿಟಕಿಯ ಕಡೆ ನೋಡಿದ.

“ಭಾವನೆ ತೆಗೆದುಹಾಕತೀವಿ ಅಂತ ಹೇಳಿದ್ರಿ,” ಎಂದ.

“ತೆಗೀತೀವ್ರಿ. ಭಾವಶೋಧಕ ಅಂತ ಒಂದು ಜರಡಿ ಐತಿ. ನೆನಪಿನ ಗೆರಿಯೊಳಗ ಅಂಜಿಕಿ, ಖುಷಿ ಏನಿದ್ದರೂ ಏರತಾವ, ಇಳೀತಾವ. ಹಾವು ಬಂದಾಗ ಏರತಾವ, ಹೋದಾಗ ಇಳೀತಾವ. ಏರಿಳಿತ ಕಂಡಲ್ಲಿ ಜರಡಿ ಅದನ್ನ ಹಿಡದು ಬಿಸಾಕತೈತಿ. ನಿಮ್ಮದು ಏರಲಿಲ್ಲ, ಇಳೀಲಿಲ್ಲ. ಮೊದಲನೇ ಮಾಳಿಗಿಯಿಂದ ಕೊನೀತನಕ ಒಂದ ಸಮ ಇತ್ತು. ಅದಕ್ಕ ಯಂತ್ರ ಅದನ್ನ ಭಾವನೆ ಅಂತ ತಿಳಕೊಳ್ಳಲೇ ಇಲ್ಲ. ಚಿತ್ರದ ಬಣ್ಣ ಅಂತ ತಿಳಕೊಂತು.”

“ಕೈಯಿಂದ ತೆಗೀರಿ ಹಂಗಾದರ.”

“ತೆಗೆದು ನೋಡಿದೆ. ಸಂಜಿ ಹೋತು. ನೀರು ಹೋತು. ಮೀನೂ ಹೋದವು. ಬರೇ ನಿಮ್ಮ ಅಣ್ಣನವರ ಕಂದೀಲಿನ ಬೆಳಕಷ್ಟ ಉಳೀತು.” ಅವರು ಮುಟ್ಟದ ಚಹದ ಕಪ್ಪನ್ನು ಪಕ್ಕಕ್ಕೆ ಸರಿಸಿ ಹೇಳಿದರು: “ನೀವು ಅಷ್ಟು ಚಂದ ನೋಡಿದ್ದ ಆ ಉರಿ ಸಂಬಂಧ ಅಂತ ಕಾಣತೈತ್ರಿ, ಸರ್.”

ಬೀದಿಯಲ್ಲಿ ಬೆಳ್ಳುಳ್ಳಿ ಮಾರುವವನು ಕೂಗುತ್ತ ಹೋದ. ಜಿನದತ್ತನ ಮುಂದೆ ಎರಡೇ ದಾರಿಗಳಿದ್ದವು. ಬೇಡವೆಂದರೆ ಕಂದೀಲು ಎಂದೆಂದಿಗೂ ಆರಿಹೋಗುತ್ತದೆ, ಅವನು ಮತ್ತೆ ಧರಣ್ಯಾನ ತಮ್ಮ. ಹೂಂ ಎಂದರೆ ಅವನ ಹೆಸರು ಉಳಿಯುತ್ತದೆ. ಆದರೆ ಇಷ್ಟು ವರ್ಷ ಹೆಂಡತಿಗೂ ಹೇಳದೆ ಹೊತ್ತದ್ದು ಲಕ್ಷಾಂತರ ಜನರ ಎದೆಯೊಳಗೆ ಹೋಗುತ್ತದೆ. ಲಕ್ಷಾಂತರ ಜನರ ಚಿಂತೆ ಅವನಿಗಿರಲಿಲ್ಲ. ಅವರು ಯಾರೋ, ಅವನು ಯಾರೋ. ಚಿಂತೆ ಇದ್ದದ್ದು ಒಬ್ಬನದು.

“ಅಣ್ಣ ಆಡಿದರ ಅವಗೂ ಗೊತ್ತಾಗತೈತಿ, ಅಲ್ಲೇನ್ರಿ?”

“ಆಗತೈತಿ. ಆ ಹುಡುಗ ಯಾರಂತ ಉಳಿದವರಿಗೆ ಗೊತ್ತಿಲ್ಲ. ನಿಮ್ಮ ಅಣ್ಣನವರಿಗೆ ಗೊತ್ತು.”

“ಅವ ಆಡಂಗಿಲ್ಲ,” ಎಂದ ಜಿನದತ್ತ. “ಹೆಣಕ್ಕ ಅಂಗಿ ಅಂತಾನ.” ಆಮೇಲೆ ತನ್ನ ದನಿ ತನಗೇ ಅಪರಿಚಿತವೆನಿಸುತ್ತಿರುವಂತೆ, “ಬಿಡ್ರಿ ಆಟಾನ. ಇದ್ದಂಗ ಬಿಡ್ರಿ,” ಎಂದ.

ಎಚ್ಚರಿಕೆಯ ಒಂದು ಸಾಲಿನೊಂದಿಗೆ ಕಂದೀಲು ಹೊರಬಂತು. ಕೇಂದ್ರದವರು ದೂರುಗಳಿಗೆ ಸಿದ್ಧರಾಗಿದ್ದರು. ದೂರುಗಳು ಬಂದವು ಕೂಡ. ಹಳೆಯ ಆಟಗಳನ್ನು ಹೀಗೆ ತಲೆಗಳಿಂದ ಅಗೆದು ತೆಗೆಯುವುದನ್ನೇ ನಿಲ್ಲಿಸಬೇಕೆಂದು ಕೆಲವರು ವಾದಿಸಿದರು. ಆದರೆ ಆಟವನ್ನು ವಾಪಸು ಕೊಟ್ಟವರು ಕಡಿಮೆ. ಉಳಿದೆಲ್ಲ ಮರುಬಿಡುಗಡೆಗಳು ಸ್ವಚ್ಛವಾಗಿದ್ದವು, ನುಣುಪಾಗಿದ್ದವು, ಎರಡು ದಿನ ಆಡಿದರೆ ಸಾಕಾಗುತ್ತಿದ್ದವು. ಇದನ್ನು ಮಾತ್ರ ಜನ ಬೈಯುತ್ತ ಬೈಯುತ್ತ ಮತ್ತೆ ಕಟ್ಟಿಕೊಂಡರು. ಪಟ್ಟಿ ಬಿಚ್ಚಿದ ಮೇಲೆ, ಎಂದೋ ಮಾತು ಬಿಟ್ಟ ಅಣ್ಣನಿಗೋ ಅಕ್ಕನಿಗೋ ಗೆಳತಿಗೋ ಫೋನು ಮಾಡಿದರು. ಜಗಳವಾಡಲು ಮಾಡಿದವರೆಷ್ಟೋ, ಸುಮ್ಮನೆ ಮಾಡಿದವರೆಷ್ಟೋ. ಜಿನದತ್ತನಿಗೆ ಸನ್ಮಾನಗಳಾದವು. ಶಾಲು ಹೊದಿಸಿಕೊಂಡು ವೇದಿಕೆಯ ಮೇಲೆ ಕುಳಿತಾಗಲೆಲ್ಲ ಅವನು ಸಭೆಯಲ್ಲಿ ಅಣ್ಣನ ಮುಖ ಹುಡುಕುತ್ತಿದ್ದ. ಅದು ಇರಬೇಕೆಂದೂ ಅನಿಸುತ್ತಿತ್ತು, ಇರಬಾರದೆಂದೂ. ಧರಣೇಂದ್ರ ಒಂದಕ್ಕೂ ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ಚಂದನಾ ಫೋನು ಮಾಡಿದಳು.

“ಒಂದು ಸಲ ಬಂದು ಹೋಗ್ರಿ. ನಿಮ್ಮಣ್ಣ ಆ ಪಟ್ಟಿ ಕಟ್ಟಿಕೊಂಡು ಕುಂತಬಿಡತಾರ. ಊಟಕ್ಕ ಕರೆದರೂ ಏಳಂಗಿಲ್ಲ.”

ಜಿನದತ್ತ ಚಪ್ಪಲಿ ಮೆಟ್ಟಿ ಹೊರಟ. ದಾರಿಯುದ್ದಕ್ಕೂ ಅಣ್ಣ ಆಡಬಹುದಾದ ಮಾತುಗಳನ್ನೆಲ್ಲ ತಾನೇ ಆಡಿಕೊಂಡ. ಉಣ್ಣಾಕ ಹಾಕಿದ ಕೈಯನ್ನ ಕಚ್ಚಿದೆಲ್ಲೋ. ನನ್ನ ಬಲಕ್ಕ ಕುಂತು ಇದನ್ನ ಮಾಡಾಕತ್ತಿದ್ದೇನು? ಅದಕ್ಕೆಲ್ಲ ಉತ್ತರಗಳನ್ನೂ ಕಟ್ಟಿಕೊಂಡ. ವೈರಿನ ತುದಿಯ ಮಾತನ್ನು ಎತ್ತಿಬಿಡಬೇಕೆಂದುಕೊಂಡ.

ಪಡಸಾಲೆಯ ಕುರ್ಚಿಯಲ್ಲಿ ಧರಣೇಂದ್ರ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ. ಏನು ನಡೆಯುತ್ತಿದೆಯೆಂದು ಹೊರಗಿನವರಿಗೆ ಕಾಣಿಸುವ ಸಣ್ಣ ಹಲಗೆಯ ಮೇಲೆ, ಕಂದೀಲಿನ ಮನುಷ್ಯ ಮೊದಲನೆಯ ಮಾಳಿಗೆಯ ಮೆಟ್ಟಿಲ ಮೇಲೆ ನಿಂತಿದ್ದ. ಓಡುತ್ತಿರಲಿಲ್ಲ. ಹಾವುಗಳು ಬಂದು ಕಚ್ಚಿದವು, ಅವನು ಬಿದ್ದ. ಆಟ ಮತ್ತೆ ಮೊದಲಾಯಿತು. ಅವನು ಮತ್ತೆ ಅಲ್ಲೇ ನಿಂತ. ಊರಿನಲ್ಲೇ ಕಂದೀಲು ಗೆದ್ದ ಒಬ್ಬನೇ ಒಬ್ಬ ಆಟಗಾರ ಆಡುತ್ತಲೇ ಇರಲಿಲ್ಲ. ಅವನ ಕುತ್ತಿಗೆ ಎಡಕ್ಕೆ ತಿರುಗಿತ್ತು.

“ಅಣ್ಣಾ.”

ಧರಣೇಂದ್ರ ಪಟ್ಟಿಯನ್ನು ಹಣೆಯ ಮೇಲಕ್ಕೆ ಸರಿಸಿದ. ಕಣ್ಣು ಕೆಂಪಾಗಿದ್ದವು.

“ಬಾ. ಕುಂಡ್ರು.” ಬಲಗಡೆಯ ಕುರ್ಚಿ ತೋರಿಸಿದ. “ಇಷ್ಟು ಉರೀತಿತ್ತೇನೋ ನಿನಗ?”

“ಹೂಂ,” ಎಂದ ಜಿನದತ್ತ.

“ಮೊದಲನೇ ದಿವಸ ನಿನ್ನ ಮ್ಯಾಲ ಸಿಟ್ಟು ಬಂತು. ಎರಡು ಏಟು ಹಾಕಬೇಕು ಅನಿಸ್ತು. ಆಮ್ಯಾಲ ಆ ಹುಡುಗನ್ನ ನೋಡಿದೆ ನೋಡು, ಜಿನ್ಯಾ...” ಧರಣೇಂದ್ರ ಎಡಗಡೆಯ ಗೋಡೆಯ ಕಡೆ ಕೈ ಮಾಡಿ ತೋರಿಸಿದ. “ನಾ ಹಂಗ ಇದ್ನೇನೋ? ಆ ಕುತ್ತಿಗಿ, ಆ ಬೆರಳು! ತುಟಿ ಕಚ್ಚಿ ಹಿಡದು ಹಾವಿನ ಮ್ಯಾಲ ಹಾರತಾನಲ್ಲ, ರಾಜಾ ಕುಂತಂಗ ಕುಂತಾನಲ್ಲೋ! ಅವ್ವನೂ ನನ್ನ ಹಂಗ ನೋಡಿದ್ದಿಲ್ಲ. ಇಕಿನೂ ನೋಡಿಲ್ಲ.”

ಬಾಗಿಲಲ್ಲಿ ನಿಂತಿದ್ದ ಚಂದನಾ, “ಹೌದ್ರಿ, ನನಗ ಬ್ಯಾರೆ ಕೆಲಸ ಇದ್ದಿಲ್ಲ ನೋಡ್ರಿ, ನಿಮ್ಮ ಕುತ್ತಿಗಿ ನೋಡಕೋತ ಕುಂಡ್ರಾಕ,” ಎಂದು ಒಳಗೆ ಹೋದಳು.

ಧರಣೇಂದ್ರ ನಗಲಿಲ್ಲ. “ಅವನ್ನ ನೋಡಿದರ ನನಗೂ ಉರೀತೈತೋ,” ಎಂದ ಸಣ್ಣ ದನಿಯಲ್ಲಿ. “ಅವ ಯಾರೋ ಬ್ಯಾರೆ. ನಾ ಡಬ್ಬಿ ಬಣ್ಣಾ ಮಾರಿದವ. ಒಂದ ಸಲ ನನ್ನ ಕಡೆ ತಿರುಗತಾನೇನು ಅಂತ ನೋಡಕೋತ ಕುಂಡರತೀನಿ. ತಿರುಗಂಗ ಇಲ್ಲ ಮಗ.”

ಅವನು ಮತ್ತೇನೂ ಹೇಳದೆ ಪಟ್ಟಿಯನ್ನು ಹಣೆಗೆ ಎಳೆದುಕೊಂಡ. ಕುತ್ತಿಗೆ ಮೆಲ್ಲಗೆ ಎಡಕ್ಕೆ ತಿರುಗಿತು. ಸುಕ್ಕುಗಟ್ಟಿದ ಮುಖದ ಮೇಲೆ ಒಂದು ಹಸಿವು ಬಂದು ಕುಳಿತಿತು.

ಜಿನದತ್ತ ಅಣ್ಣನ ಬಲಗಡೆಯ ಕುರ್ಚಿಯಲ್ಲಿ ಕುಳಿತಿದ್ದ. ಹಗುರಾಗಬೇಕಾಗಿತ್ತು. ಬೈಗುಳವಿಲ್ಲ, ನಗೆಪಾಟಲಿಲ್ಲ, ಅವನು ಎಷ್ಟು ಹೆದರಿದ್ದನೋ ಅದು ಯಾವುದೂ ಆಗಿರಲಿಲ್ಲ. ಆದರೆ ಪಕ್ಕೆಲುಬಿನ ಕೆಳಗೆ ಅದೇ ಬಿಸಿ ಎದ್ದಿತು, ಹಿಂದೆಂದಿಗಿಂತ ಜೋರಾಗಿ. ಅಣ್ಣ ಇಷ್ಟು ಹೊತ್ತು, ಇಷ್ಟು ಆಸೆಯಿಂದ, ಇಡೀ ಜನ್ಮದಲ್ಲಿ ಅವನನ್ನು ನೋಡಿದ್ದಿಲ್ಲ. ಈಗ ನೋಡುತ್ತಿದ್ದದ್ದೂ ಅವನನ್ನಲ್ಲ. ಜಿನದತ್ತ ತಾನೇ ನೆನೆನೆನೆದು ಮಾಡಿಕೊಟ್ಟ ಒಬ್ಬ ಹುಡುಗನನ್ನು. ಹದಿನಾಲ್ಕು ವರ್ಷದ ಆ ಹುಡುಗ ಪಡಸಾಲೆಯ ಎಡಗಡೆ, ಸುಣ್ಣ ಉದುರಿದ ಗೋಡೆಯ ಹತ್ತಿರ, ಯಾರಿಗೂ ಕಾಣದಂತೆ ಕುಳಿತು ಆ ನೋಟವನ್ನೂ ತೆಗೆದುಕೊಳ್ಳುತ್ತಿದ್ದ.

ಒಳಗೆ ಒಗ್ಗರಣೆಯ ಸದ್ದಾಯಿತು. ಹಲಗೆಯ ಮೇಲೆ ಕಂದೀಲಿನ ಮನುಷ್ಯ ಬಿದ್ದ, ಎದ್ದು ನಿಂತ.

ಜಿನದತ್ತ ಎದ್ದ. ಸಪ್ಪಳವಾಗದಂತೆ ತನ್ನ ಕುರ್ಚಿಯನ್ನು ಎತ್ತಿಕೊಂಡು ಅಣ್ಣನ ಎಡಗಡೆಗೆ ಹೋಗಿ, ಗೋಡೆಗೂ ಆ ನೋಟಕ್ಕೂ ನಡುವೆ ಇಟ್ಟು, ಅಣ್ಣನ ಮುಖಕ್ಕೆ ಮುಖ ಕೊಟ್ಟು ಕುಳಿತುಕೊಂಡ.